ಮೂರನೆಯ ಕೂಗಿಗೆ ಕಾದವರು

ಮಾತು ಶುರು ಮಾಡುವ ಮೊದಲು ಅವರು ಬಲಗೈ ಹೆಬ್ಬೆರಳಿನಿಂದ ಗಂಟಲ ಉಬ್ಬನ್ನು ಒಮ್ಮೆ ಒತ್ತಿಕೊಳ್ಳುತ್ತಿದ್ದರು. ಕೊಕ್ಕರೆಯಂಥ ಉದ್ದ ಕತ್ತು, ಅದರ ನಡುವೆ ಬಾರೆಕಾಯಿ ಗಾತ್ರದ ಉಬ್ಬು. ಒತ್ತಿದರೆ ಒಳಗೆ ಸರಿಯುತ್ತಿತ್ತು, ಬಿಟ್ಟರೆ ಮೇಲೆದ್ದು ಬರುತ್ತಿತ್ತು. ಆಮೇಲೆ ಮಾತು. ಬಸ್ ನಿಲ್ದಾಣದ ಕಂಟ್ರೋಲರ್ ಆಗಿ ಆಯುಷ್ಯವೆಲ್ಲ ಮೈಕಿನ ಗುಂಡಿ ಒತ್ತಿಯೇ ಬಾಯಿ ತೆರೆದವರು. ನಿವೃತ್ತಿಯಾದ ಮೇಲೆ ಮೈಕು ಅಲ್ಲೇ ಉಳಿಯಿತು, ಬೆರಳು ಮನೆಗೆ ಬಂತು.

ಗೋಕಾಕದಲ್ಲಿ ನಮ್ಮ ಬಾಜೂ ಮನೆ ಅವರದು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ಉಳಿದವರಿಗೆಲ್ಲ ಅವರು ಕಂಟ್ರೋಲರ್ ಸಾಹೇಬರು. ನಾನು ಹುಕ್ಕೇರಿಯವಳು. ಧಾರವಾಡದಲ್ಲಿ ಎಂ.ಎ. ಮುಗಿಸಿ ಇಲ್ಲಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡವನ ಮಾತನ್ನೂ ಅನುಮಾನದಿಂದಲೇ ಕೇಳಬೇಕು ಎಂದು ಮಕ್ಕಳಿಗೆ ಕಲಿಸುವವಳು. ದಿನಚರಿ ಬರೆಯುವ ಚಟವಿದೆ, ಬರೆದದ್ದನ್ನು ಮಾರನೆಯ ದಿನ ನಂಬದಿರುವ ಚಟವೂ ಇದೆ. ಆದ್ದರಿಂದ ಇಲ್ಲಿ ಯಾವುದು ನಾನು ಕಂಡದ್ದು, ಯಾವುದು ಆಮೇಲೆ ಬಂದು ಸೇರಿಕೊಂಡದ್ದು ಎಂದು ತಿಳಿದಲ್ಲಿ ಹೇಳುತ್ತೇನೆ. ತಿಳಿಯದ ಕಡೆ ತಿಳಿಯದು ಎನ್ನುತ್ತೇನೆ.

ಕಾಕಾ ಪ್ರತಿ ಬಸ್ಸನ್ನೂ ಮೂರು ಸಲ ಕೂಗುತ್ತಿದ್ದರು. ಕುಲಗೋಡ ಮಾರ್ಗವಾಗಿ ಮೂಡಲಗಿಗೆ ಹೋಗುವ ಬಸ್ಸು ಇಂಥ ಕಡೆ ನಿಂತಿದೆ ಎಂದು ಒಂದೇ ಏರಿಳಿತದಲ್ಲಿ ಮೂರು ಸಲ. ನಾನು ಈ ಊರಿಗೆ ಹೊಸಬಳಾಗಿ ಬಂದಾಗ ಮೊದಲು ಗುರುತಾದದ್ದು ಆ ಧ್ವನಿ, ಮುಖವಲ್ಲ.

“ಮೂರ ಸಲ ಯಾಕ್ರಿ ಕಾಕಾ?” ಎಂದು ಕೇಳಿದ್ದೆ.

“ಮೊದಲನೇ ಸಲಕ್ಕ ಮಂದಿ ಮಾತ ನಿಂದರಸ್ತಾರ. ಎರಡನೇದ್ದಕ್ಕ ಚೀಲಾ ಹುಡಕತಾರ. ಮೂರನೇದ್ದಕ್ಕ ಏಳತಾರ. ಒಂದ ಸಲ ಒದರಿ ಕುಂತರ ಖಾಲಿ ಬಸ್ ಹೊಕ್ಕೈತಿ, ತಂಗಿ.”

ಮನೆಯಲ್ಲೂ ಅದೇ. ಪಡಸಾಲೆಯಲ್ಲಿ ಕುಳಿತು, ಗಂಟಲು ಒತ್ತಿ, “ಚಾ ಬೇಕು. ಚಾ ಬೇಕು. ಒಳಗಿನವರ ಗಮನಕ್ಕ, ಚಾ ಬೇಕು” ಎನ್ನುತ್ತಿದ್ದರು. ಅಡುಗೆಮನೆಯಿಂದ ಕಾಕು, “ಹಾಲ ಇನ್ನಾ ಡಿಪೋದಾಗ ಐತ್ರಿ, ಪ್ರಯಾಣಿಕರು ದಾರಿ ಕಾಯಬೇಕು” ಎಂದು ಕೂಗುತ್ತಿದ್ದರು. ನಗು ನಮ್ಮ ಮನೆಯವರೆಗೆ ಕೇಳುತ್ತಿತ್ತು.

ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಡಾಕ್ಟರು ನಡೆಯಲು ಹೇಳಿದಾಗ ನಾನು ಇವರಿಬ್ಬರ ಜೊತೆಗಾತಿಯಾದೆ. ಕಾಕುಗೆ ಮೊಣಕಾಲು ಹಿಡಿದು ಅವರು ಬರುವುದು ನಿಂತ ಮೇಲೆ ಕಾಕಾ ಮತ್ತು ನಾನು ಉಳಿದೆವು. ಮಹಾಪೂರ ಬಂದು ಹೋದ ಮೇಲೆ ಹೊಳೆಯ ಅಂಚಿನ ಬಿದ್ದ ಮನೆಗಳ ಜಾಗವನ್ನು ಹಸನು ಮಾಡಿ, ಹಾಸುಗಲ್ಲು ಕೂಡಿಸಿ, ಬೆಂಚು, ದೀಪದ ಕಂಬ ನಿಲ್ಲಿಸಿ ಒಂದು ವಾಕಿಂಗ್ ದಾರಿ ಮಾಡಿದ್ದರು. ಒಂದು ಬದಿಗೆ ಉಳಿದ ಮನೆಗಳ ಹಿತ್ತಲ ಗೋಡೆಗಳು. ಅವುಗಳ ಮೇಲೆ ನನ್ನ ತಲೆಗಿಂತ ಎತ್ತರದಲ್ಲಿ ನೀರು ಬಿಟ್ಟುಹೋದ ಕಂದು ಗೆರೆ. ಇನ್ನೊಂದು ಬದಿಗೆ ಇಳಿಜಾರು, ಜಾಲಿ ಕಂಟಿ, ಅದರ ಕೆಳಗೆ ಘಟಪ್ರಭೆ. ಜಾಲಿಯ ತುದಿಗಳಲ್ಲಿ ಮಹಾಪೂರ ಸಿಕ್ಕಿಸಿದ ಬಟ್ಟೆಯ ಚೂರುಗಳು ಇನ್ನೂ ಇದ್ದವು. ಸೀರೆಯ ಅಂಚು, ಅಂಗಿಯ ತೋಳು, ಯಾವುದೋ ಕೂಸಿನ ಕುಲಾಯಿ ಟೊಪ್ಪಿಗೆ. ಅಷ್ಟು ಎತ್ತರಕ್ಕೆ ಏರಿ ತೆಗೆಯುವವರಿರಲಿಲ್ಲ. ಗಾಳಿಯಿಲ್ಲದ ದಿನವೂ ಅವುಗಳಲ್ಲಿ ಒಂದೆರಡು ಅಲುಗುತ್ತಿದ್ದವು.

“ಹೊಳಿ ಕಡೆ ನಾ ಇರತೇನಿ. ನೀ ಗ್ವಾಡಿ ಹಿಡದ ನಡಿ” ಎಂದು ಮೊದಲ ದಿನವೇ ಕಾಕಾ ಹೇಳಿದ್ದರು. ಒಂದು ದಿನವೂ ಆ ಜಾಗ ಬದಲಿಸಲಿಲ್ಲ.

ಆ ದಾರಿಯಲ್ಲಿ ಒಂದು ಚಪ್ಪಾಳೆ ಬಳಗವಿತ್ತು. ನಿವೃತ್ತರೇ ಹೆಚ್ಚು. ಅಂಗೈ ತಟ್ಟಿದರೆ ಬಿ.ಪಿ. ಇಳಿಯುತ್ತದೆ ಎಂದು ಯಾರೋ ಹೇಳಿದ್ದರಿಂದ ಬಿಸಿಲೇರಿದ ಮೇಲೆ ಬಂದು ಬೆಂಚಿನ ಸುತ್ತ ನಿಂತು ತಟ್ಟುತ್ತಿದ್ದರು. ಅವರಲ್ಲೊಬ್ಬರು, ಕಿರಾಣಿ ಅಂಗಡಿ ಇಟ್ಟಿದ್ದ ದಪ್ಪ ಮನುಷ್ಯ, ಒಮ್ಮೆ ಹಿಂದಿನಿಂದ “ಸಾಹೇಬ್ರ!” ಎಂದು ಕರೆದರು. ಕಾಕಾ ತಿರುಗಲಿಲ್ಲ. “ಓ ಸಾಹೇಬ್ರ!” ತಿರುಗಲಿಲ್ಲ. ಮೂರನೆಯ ಸಲಕ್ಕೆ ನಿಂತು, “ಏನ್ರಿ?” ಎಂದರು.

“ಕಿವಿ ಕೆಟ್ಟಾವೇನ್ರಿ ಮತ್ತ?”

“ಕಿವಿ ಭೇಷ ಅದಾವ್ರಿ. ಮೂರನೇದ್ದಕ್ಕ ಕಾಯಾಕತ್ತಿದ್ನಿ.”

ಆಮೇಲೆ ಅದರ ಹಿನ್ನೆಲೆ ಹೇಳಿದರು. ಕುಲಗೋಡದಲ್ಲಿ ಅವರ ಅವ್ವ ಕಲಿಸಿದ್ದು. ಹೊಳೆ, ಬಾವಿ, ಬಯಲು ಇವುಗಳ ಕಡೆಯಿಂದ ಕರೆದರೆ ಮೊದಲ ಎರಡು ಕೂಗಿಗೆ ಓಗೊಡಬಾರದು. ಮನುಷ್ಯರಾದವರು ಮೂರು ಸಲ ಕರೆಯುತ್ತಾರೆ. ಎರಡರಲ್ಲಿ ನಿಂತರೆ ಅದು ಮನುಷ್ಯರದಲ್ಲ. ಓ ಎಂದವರನ್ನು ಅದು ತನ್ನ ಕಡೆಗೆ ನಡೆಸಿಕೊಂಡು ಹೋಗುತ್ತದೆ. ಈ ಭಾಗದಲ್ಲಿ ಕರೆಯುವವರಿಗೂ ಇದು ಗೊತ್ತಿದ್ದುದರಿಂದ ಸಂಜೆ ಹೊತ್ತು ಇನ್ನೊಬ್ಬರ ಮನೆಯೆದುರು ನಿಂತವರು ತಾವಾಗಿಯೇ ಮೂರು ಸಲ ಕೂಗುತ್ತಿದ್ದರು. ಹುಕ್ಕೇರಿಯಲ್ಲಿ ನಮ್ಮ ಅಜ್ಜಿಯದೂ ಇದೇ ಪಾಠ. ನಾನು ನಕ್ಕೆ. ಆದರೆ ಹಿತ್ತಲಿನಿಂದ ಯಾರಾದರೂ ಕರೆದರೆ ನಾನೂ ಮೊದಲ ಕೂಗಿಗೆ ಬಾಯಿ ಬಿಡುವುದಿಲ್ಲ. ಓದು ಅದನ್ನು ಬಿಡಿಸಿಲ್ಲ.

ದಾರಿ ಹೊರಳುವ ಒಂದು ಕಡೆ ಕೆಳಗೆ, ನೀರಿನ ಹತ್ತಿರ, ಯಾರದೋ ಕಬ್ಬಿಗೆ ನೀರೆತ್ತುವ ಪಂಪ್‌ಸೆಟ್ಟಿನ ತಗಡಿನ ಶೆಡ್ಡು ಇತ್ತು. ಅದನ್ನು ಕಾಯಲು ಒಬ್ಬ ಮನುಷ್ಯ ಅಲ್ಲೇ ಇರುತ್ತಿದ್ದ. ಯಾವ ಕಾಲದಲ್ಲೂ ಕೊರಳಿಗೆ ಮಫ್ಲರು. ಕಾಕಾ ಮೇಲಿನಿಂದ “ನಮಸ್ಕಾರ್ರಿ!” ಎಂದರೆ ಅವನು ಕೈ ಮಾತ್ರ ಎತ್ತುತ್ತಿದ್ದ.

“ಸೊಕ್ಕ ನೋಡ” ಎನ್ನುತ್ತಿದ್ದರು ಕಾಕಾ. “ಬಾಯಿ ಬಿಟ್ಟರ ಮುತ್ತ ಉದರತಾವ ಅಂವಗ.”

ಚಳಿಗಾಲದ ಒಂದು ಮುಂಜಾನೆ ಮಂಜು ಬಿದ್ದಿತ್ತು. ಇಲ್ಲಿ ಅಷ್ಟು ದಟ್ಟವಾಗಿ ಬೀಳುವುದು ಅಪರೂಪ. ಬೆಳಕು ಬಂದಿತ್ತು, ಆದರೆ ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಹೊಳೆಯ ಮೇಲಿನ ಸೇತುವೆ ಅರ್ಧಕ್ಕೇ ಮುಗಿದಿತ್ತು. ದೀಪದ ಕಂಬಗಳಿಗೆ ತಲೆಯಿರಲಿಲ್ಲ. ನಮ್ಮ ಹೆಜ್ಜೆಯ ಸಪ್ಪಳ ಗೋಡೆಗೆ ಬಡಿದು ಮುಂದಿನಿಂದ ಬಂದಂತೆ ಕೇಳಿ, ಯಾರೋ ಎದುರು ಬರುತ್ತಿದ್ದಾರೆಂದು ನಾನು ಒಂದೆರಡು ಸಲ ಬದಿಗೆ ಸರಿದೆ. ಯಾರೂ ಬರಲಿಲ್ಲ.

ಆ ಹೊರಳಿನಲ್ಲಿ ಕಾಕಾ ನಿಂತರು.

ಇಲ್ಲಿಂದ ನನ್ನ ನೆನಪನ್ನು ನಿಧಾನವಾಗಿ ಮುಟ್ಟಿ ನೋಡುತ್ತೇನೆ. ಅವರು ಕೈ ಎತ್ತಿ ನನ್ನನ್ನು ತಡೆದರು. ಇಳಿಜಾರಿನ ಕಡೆ ಮುಖ ಮಾಡಿ ನಿಂತಿದ್ದರು. ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. “ಏನಾತ್ರಿ ಕಾಕಾ?” ಎಂದೆ. ತುಟಿಯ ಮೇಲೆ ಬೆರಳಿಟ್ಟರು. ಕೆಳಗಿನಿಂದ ನನಗೆ ಒಂದು ಸಪ್ಪಳ ಕೇಳಿತು, ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದಂತೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಯಾರೋ ಅರಿವೆ ಒಗೆಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಏನೂ ಇಲ್ಲ. ಚಳಿಗಾಲದಲ್ಲಿ ನಮ್ಮ ಹೊಳೆಗೆ ಸಪ್ಪಳವಿರುವುದಿಲ್ಲ. ನಾವು ಹಾಗೇ ನಿಂತಿದ್ದೆವು. ಕಾಕಾನ ಕತ್ತಿನ ಉಬ್ಬು ಕೂಡ ಅಲುಗದೆ ನಿಂತಿತ್ತು.

“ನಡಿ” ಎಂದರು ಕೊನೆಗೆ. ನನ್ನ ಶಾಲಿನ ತುದಿ ಹಿಡಿದುಕೊಂಡು, ಸಣ್ಣ ಮಕ್ಕಳು ಸಂತೆಯಲ್ಲಿ ಹಿಡಿದುಕೊಳ್ಳುವಂತೆ, ರಸ್ತೆ ಬರುವವರೆಗೂ ಬಿಡದೆ ನಡೆದರು.

ಚಹದ ಅಂಗಡಿಯಲ್ಲಿ ಅವರು ಅರ್ಧ ಕಪ್ಪು ಕುಡಿದು ಕೆಳಗಿಟ್ಟರು.

“ಎರಡ ಸಲ ಕರೀತ ತಂಗಿ. ಕಂಟ್ರೋಲರ್ ಸಾಹೇಬ್ರ, ಅಂತ. ಮೂರನೇದ್ದ ಬರಲಿಲ್ಲ. ನಿನಗ ಕೇಳಲಿಲ್ಲೇನ?”

“ಇಲ್ರಿ ಕಾಕಾ. ಯಾರೋ ಅರಿವಿ ಒಗ್ಯಾಕತ್ತಿದ್ರು. ಅದಷ್ಟ ಕೇಳಿತು.”

“ಇಂಥಾ ಮಂಜಿನ್ಯಾಗ ಅರಿವಿ ಯಾರ ಒಗೀತಾರ?”

ಅಂಗಡಿಯವನು ಅರ್ಧ ಉಳಿದ ಚಹ ನೋಡಿ, “ಸಾಹೇಬ್ರ, ಇನ್ನರ್ಧಾ ಯಾವ ಬಸ್ಸಿಗೆ ಬರತೈತ್ರಿ?” ಎಂದ. ಕಾಕಾ ನಗಲಿಲ್ಲ.

ಕಾಲೇಜು ಮುಗಿಸಿ ಬಂದಾಗ ಕಾಕು ಬಾಗಿಲಲ್ಲೇ ನಿಂತಿದ್ದರು. ಶೆಡ್ಡಿನ ಮನುಷ್ಯ ನೀರಿನಲ್ಲಿ ಸಿಕ್ಕಿದ್ದ. ಸ್ವಲ್ಪ ಕೆಳಗೆ ಜಾಲಿ ಕಂಟಿಯ ಬೇರಿಗೆ ಅವನ ಮಫ್ಲರು ಸುತ್ತಿಕೊಂಡಿತ್ತಂತೆ. ನೀರೆಳೆಯುವ ಪೈಪಿನ ಬಾಯಿಗೆ ಕಟ್ಟಿಕೊಂಡ ಕಸ ತೆಗೆಯಲು ಇಳಿದವನು ಕಾಲು ಜಾರಿರಬೇಕು ಎಂದು ಮಂದಿ ಮಾತಾಡುತ್ತಿದ್ದರು. ಯಾವಾಗ ಇಳಿದ ಎಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವನೊಬ್ಬನೇ ಇರುತ್ತಿದ್ದ.

ಒಳಗೆ ಕಾಕಾ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಊಟ ಮುಟ್ಟಿರಲಿಲ್ಲ.

“ಕರದದ್ದ ಅದು ಆಗಿದ್ರ ನಾ ಉಳದೇನಿ” ಎಂದರು. “ಅಂವ ಆಗಿದ್ರ, ತಂಗಿ, ನಾ ಅಂವನ್ನ ಬಿಟ್ಟ ಬಂದೇನಿ. ಖರೆ ಹೇಳ. ನಿನಗೂ ಕೂಗ ಕೇಳಿತೇನ?”

ನಾನು ಮತ್ತೆ ಅದನ್ನೇ ಹೇಳಿದೆ. ಅರಿವೆ ಒಗೆಯುವ ಸಪ್ಪಳ. ಅದರ ಆಚೆ ನನ್ನಲ್ಲಿ ಏನೂ ಇರಲಿಲ್ಲ. ಆ ರಾತ್ರಿ ದಿನಚರಿಯಲ್ಲಿ ಬರೆದದ್ದೂ ಅಷ್ಟೇ. ಆದರೆ ಬರೆಯುವ ಹೊತ್ತಿಗೆ ಅವರು ಎರಡು ಸಲ ಕೇಳಿ, ನಾನು ಎರಡು ಸಲ ಉತ್ತರಿಸಿ ಆಗಿತ್ತು. ನಾನು ಬರೆದದ್ದು ಸಪ್ಪಳವನ್ನೋ ನನ್ನ ಉತ್ತರವನ್ನೋ ಹೇಳಲಾರೆ.

ಆಮೇಲೆ ಅವರು ವಾಕಿಂಗಿಗೆ ಬರುವುದು ನಿಂತಿತು. ಪಡಸಾಲೆಯಿಂದ ಚಹದ ಕೂಗೂ ನಿಂತಿತು. ಕಾಕು ಕೇಳದೆಯೇ ಚಹ ತಂದಿಟ್ಟು ಹೋಗುತ್ತಿದ್ದರು, ಅದು ತಣ್ಣಗಾಗುತ್ತಿತ್ತು. ಒಂದು ರವಿವಾರ ಅವರೇ ನಮ್ಮ ಬಾಗಿಲಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೊಪ್ಪಿಗೆ.

“ಅಂವ ಮಸಗುಪ್ಪಿಯಾಂವ ಅಂತ. ಹೋಗಿ ಬರೂಣ ಬಾ. ಅಂವನ ಧ್ವನಿ ಹೆಂಗಿತ್ತ ಅಂತ ಮನ್ಯಾಗ ಕೇಳತೇನಿ. ನಾ ಕೇಳಿದ್ದ ಧ್ವನಿ ನನಗ ನೆನಪೈತಿ. ಕೂಡಿಸಿ ನೋಡೂಣ.”

ಮಂದಿಯನ್ನು ಮುಖದಿಂದಲ್ಲ, ಧ್ವನಿಯಿಂದ ಗುರುತು ಹಿಡಿಯುವವರು ಅವರು. ಅವರಿಗೆ ಬೇರೆ ದಾರಿ ಹೊಳೆಯಲಿಲ್ಲ. ಒಬ್ಬರೇ ಹೋಗುವ ಧೈರ್ಯವಿರಲಿಲ್ಲ ಎಂದೂ ಕಾಣುತ್ತದೆ.

ಬಸ್ಸಿನಲ್ಲಿ ಕಂಡಕ್ಟರ್ ಅವರನ್ನು ನೋಡಿ, “ಸಾಹೇಬ್ರ, ನೀವ ಹತ್ತಿದ ಮ್ಯಾಗ ಬಸ್ ಬಿಡಾಕ ನಿಮ್ಮನ್ನ ಕೇಳಬೇಕೇನ್ರಿ?” ಎಂದು ಚೇಷ್ಟೆ ಮಾಡಿದ. ಅವರು ಟಿಕೇಟು ತೆಗೆದುಕೊಂಡು ಕಿಟಕಿಯ ಹೊರಗೆ ನೋಡುತ್ತ ಕುಳಿತರು. ಎರಡೂ ಬದಿಗೆ ಎತ್ತರದ ಕಬ್ಬು.

ಮನೆ ಊರ ಅಂಚಿನಲ್ಲಿತ್ತು. ತಗಡಿನ ಮಾಡು, ಸಾರಿಸಿದ ಅಂಗಳ. ಸತ್ತವನ ಹೆಂಡತಿ ಅಂಗಳದಲ್ಲಿ ಕುಳಿತು ಮೆಂತ್ಯೆ ಸೊಪ್ಪನ್ನು ಸೂಡು ಕಟ್ಟುತ್ತಿದ್ದಳು. ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ನಾವು ಗೋಕಾಕದವರು, ಹೊಳೆದಂಡೆಯಲ್ಲಿ ಅವರನ್ನು ದಿನಾ ನೋಡುತ್ತಿದ್ದೆವು ಎಂದಾಗ ಚಾಪೆ ಹಾಸಿದಳು.

“ನಿಮ್ಮ ಧ್ವನಿ ನನಗ ಗೊತ್ತೈತ್ರಿ” ಎಂದಳು ಕಾಕಾಗೆ. “ಬಸ್ ಸ್ಟ್ಯಾಂಡಿನ್ಯಾಗ ಒದರತಿದ್ರಿ. ನಮ್ಮವರು ಹೇಳತಿದ್ರು, ಹಿಂಗ ಒದರಾಕ ಬರಬೇಕು ನೋಡ ಅಂತ.”

ಕಾಕಾ ಗಂಟಲು ಒತ್ತಿಕೊಂಡರು. ಎರಡು ಸಲ ಒತ್ತಿಕೊಂಡ ಮೇಲೆ ಮಾತು ಹೊರಟಿತು.

“ಯವ್ವಾ, ನಿಮ್ಮವರ ಧ್ವನಿ ಹೆಂಗಿತ್ತವಾ? ದಪ್ಪ ಇತ್ತೋ, ತೆಳ್ಳಗಿತ್ತೋ?”

ಅವಳು ಸೂಡು ಕಟ್ಟುವುದನ್ನು ಬಿಟ್ಟು ನೋಡಿದಳು. “ಧ್ವನಿ ಎಲ್ಲೀದ್ರಿ? ತಂಬಾಕ ತಿಂದ ಗಂಟಲಾ ಕೆಟ್ಟ, ಆಪರೇಶನ್ ಮಾಡಿ ತಗದ ಬಿಟ್ಟಿದ್ರಲ್ಲ. ಇಲ್ಲಿ ತೂತ ಇತ್ತರಿ, ಅದಕ್ಕ ಮಫ್ಲರ್ ಸುತ್ತತಿದ್ರು. ಉಸರ ಬಿಟ್ರ ಸಪ್ಪಳ ಹೊಂಡತಿರಲಿಲ್ಲ.”

ನಾನು ಕಾಕಾನನ್ನು ನೋಡಿದೆ. ಇಷ್ಟು ದಿನ ಬಿಗಿದು ನಿಂತಿದ್ದ ಅವರ ಭುಜಗಳು ಇಳಿದವು. ಇದರಲ್ಲಿ ನನಗೆ ಅನುಮಾನವಿಲ್ಲ, ಅವು ಇಳಿದದ್ದನ್ನು ನೋಡಿದೆ. ಕರೆದದ್ದು ಅವನಲ್ಲ. ಅವನಿಗೆ ಕರೆಯಲು ಬರುತ್ತಿರಲಿಲ್ಲ. ಅವರ ಅವ್ವ ಕಲಿಸಿದ್ದು ಅವರನ್ನು ಉಳಿಸಿತ್ತು.

“ಮತ್ತ ಯಾರನ್ನರ ಕರೀಬೇಕಂದ್ರ?” ಎಂದು ಕೇಳಿದವಳು ನಾನು. ಯಾಕೆ ಕೇಳಿದೆನೋ.

“ಚಪ್ಪಾಳಿ ಬಡೀತಿದ್ರಿ ಬಾಯಾರ. ಹಿಂಗ.” ಅವಳು ಒದ್ದೆ ಕೈಗಳನ್ನು ಒಂದಕ್ಕೊಂದು ತಟ್ಟಿ ತೋರಿಸಿದಳು. ಸೊಪ್ಪಿನ ನೀರು ನನ್ನ ಸೀರೆಯ ಮೇಲೆ ಹಾರಿತು.

ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದಂತೆ.

ನನ್ನ ಮುಖ ಏನಾಗಿತ್ತೋ ನನಗೆ ತಿಳಿಯದು. ಕಾಕಾ ನನ್ನ ಕಡೆ ತಿರುಗಿ ನೋಡಿದರು. ಒಂದು ಗಳಿಗೆಯಷ್ಟೇ. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಆ ಹೆಣ್ಣುಮಗಳಿಗೆ ಹೇಳಿದರು:

“ಅದನ್ನ ಹೇಳಾಕ ಬಂದೇನವ್ವಾ. ಅವತ್ತ ಮುಂಜಾನಿ ಮಂಜಿನ್ಯಾಗ ನಾ ಚಪ್ಪಾಳಿ ಕೇಳೇನಿ. ಎರಡ ಸಲ. ಮೂರನೇದ್ದಕ್ಕ ಕಾದ್ನಿ. ಬರಲಿಲ್ಲ. ಹ್ವಾದ್ನಿ.”

“ಕಾಕಾ,” ಎಂದೆ ನಾನು. “ಅದನ್ನ ಕೇಳಿದ್ದ ನಾನ್ರಿ...”

“ಈಕಿ ಗ್ವಾಡಿ ಕಡೆ ಇದ್ಲು” ಎಂದರು ಅವರು, ಮೈಕಿನ ಧ್ವನಿಯಲ್ಲಿ, ನನ್ನ ಮಾತು ಮುಚ್ಚಿಹೋಗುವಂತೆ. “ಈಕಿಗೆ ಏನೂ ಗೊತ್ತಿಲ್ಲ.”

ಅವಳು ಎದ್ದು ನಿಂತಳು. ಮೆಂತ್ಯೆ ಸೊಪ್ಪು ಮಡಿಲಿನಿಂದ ಅಂಗಳಕ್ಕೆ ಬಿತ್ತು.

“ಮೂರನೇದ್ದ ಬಡೀಬೇಕಂದ್ರ ಕೈ ನೀರಿನ ಮ್ಯಾಲ ಇರಬೇಕಲ್ರಿ” ಎಂದಳು.

ನಾನು ಬಿದ್ದ ಸೊಪ್ಪು ಆಯಲು ಕೈ ಚಾಚಿದೆ.

“ಏಳ್ರಿ. ನಿಮಗ ನಾ ಚಾ ಮಾಡೂದಿಲ್ಲ.”

ಬಸ್ಸಿಗೆ ಕಾಯುತ್ತ ಬೇವಿನ ಮರದ ಕೆಳಗೆ ನಿಂತಾಗ ನಾನು ಅಳುತ್ತಿದ್ದೆ. “ಯಾಕ ಹಂಗ ಹೇಳಿದ್ರಿ? ನಿಮಗ ಕೇಳಿದ್ದ ಕೂಗು. ಚಪ್ಪಾಳಿ ನಿಮಗ ಕೇಳೇ ಇಲ್ಲ.”

“ನಿನಗ ಕೇಳಿದ್ದ ಅರಿವಿ ಒಗಿಯೂ ಸಪ್ಪಳ. ಅದಕ್ಕ ಯಾರೂ ಹೊಳ್ಳಿ ನೋಡೂದಿಲ್ಲ. ಹೊಳ್ಳಿ ನೋಡಿ, ನಿಂತು, ಬಿಟ್ಟ ಬಂದಾಂವ ನಾನು. ಇನ್ನ ಆ ಮಾತ ಎತ್ತಬ್ಯಾಡ.”

“ಹಂಗಾರ ನಿಮ್ಮನ್ನ ಸಾಹೇಬ್ರ ಅಂತ ಕರದದ್ದ ಯಾರ್ರಿ?”

ಅವರು ರಸ್ತೆಯ ಕಡೆ ನೋಡಿದರು. “ಬಸ್ ಬಂತ ನೋಡ” ಎಂದರು. ರಸ್ತೆಯಲ್ಲಿ ಏನೂ ಇರಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ. ಕಾಕಾ ಆ ಕೂಗಿನ ಮಾತನ್ನು ಅದಾದ ಮೇಲೆ ನನ್ನೆದುರು ಒಮ್ಮೆಯೂ ಆಡಲಿಲ್ಲ.

ಮಸಗುಪ್ಪಿಯಿಂದ ಬರುವ ಬಸ್ಸುಗಳಲ್ಲಿ ಸುದ್ದಿಯೂ ಬಂತು. ಮುಳುಗುವವನ ಕರೆ ಕೇಳಿಯೂ ಹೋದ ಕಂಟ್ರೋಲರ್ ಎಂದು ನಿಲ್ದಾಣದಲ್ಲಿ ಮಾತಾಡಿಕೊಂಡರು. ಕಾಕುಗೆ ಸಂತೆಯಲ್ಲಿ ಯಾರೋ ನೇರವಾಗಿಯೇ ಅಂದರಂತೆ. ನಾನು ಕಾಕುಗೆ ನಡೆದದ್ದೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ನಿಮ್ಮ ಕಾಕಾ ಹಂಗ ಅಂದಿದ್ರ ಹಂಗನ. ನಾ ನಡುವ ಬರೂದಿಲ್ಲ, ನೀನೂ ಬರಬ್ಯಾಡ” ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು.

ಕಾಕಾ ಮತ್ತೆ ವಾಕಿಂಗಿಗೆ ಹೊರಟರು. ಅದೇ ದಾರಿ, ಅದೇ ಹೊಳೆಯ ಕಡೆ. ಆ ಹೊರಳಿನಲ್ಲಿ ಪ್ರತಿ ಮುಂಜಾನೆ ನಿಲ್ಲುತ್ತಿದ್ದರು. ಕೆಳಗಿನ ಶೆಡ್ಡಿಗೆ ಬೀಗ ಬಿದ್ದಿತ್ತು. ಆದರೂ ನಾವು ನಿಂತಾಗ ಒಂದೊಂದು ಸಲ ಅದರ ತಗಡು ಒಳಗಿನಿಂದ ಯಾರೋ ಒರಗಿದಂತೆ ಕಿರುಗುಟ್ಟುತ್ತಿತ್ತು. ಬಿಸಿಲಿಗೆ ತಗಡು ಹಿಗ್ಗುತ್ತದೆ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ. ಬಿಸಿಲು ಇನ್ನೂ ಬಿದ್ದಿರುತ್ತಿರಲಿಲ್ಲ.

ಚಪ್ಪಾಳೆ ಬಳಗದವರು ಮೊದಮೊದಲು ಅವರನ್ನು ನೋಡಿ ಸುಮ್ಮನಾಗುತ್ತಿದ್ದರು. ಆಮೇಲೆ ಧೈರ್ಯ ಬಂತು. ಒಂದು ದಿನ ಕಾಕಾ ಬಿಸಿಲೇರುವವರೆಗೂ ನೀರಿನ ಕಡೆ ಮುಖ ಮಾಡಿ ನಿಂತಿದ್ದಾಗ ಹಿಂದಿನಿಂದ ಒಬ್ಬರು ಚಪ್ಪಾಳೆ ತಟ್ಟಿದರು. ಮತ್ತೊಮ್ಮೆ ತಟ್ಟಿದರು. ಅಷ್ಟಕ್ಕೇ ಬಿಟ್ಟರು. ಯಾರೋ ಕಿಸಕ್ಕೆಂದರು. ಕಿರಾಣಿ ಅಂಗಡಿಯವರು “ಸಾಹೇಬ್ರ, ಬಸ್ ಬಿಡೂದೋ ಬ್ಯಾಡೋ?” ಎಂದರು.

“ನಾಚಿಕಿ ಬರೂದಿಲ್ಲೇನ್ರಿ ನಿಮಗ?” ಎಂದು ನಾನು ತಿರುಗಿ ಬಿದ್ದೆ. “ಮನಿಯಾಗ ಮೊಮ್ಮಕ್ಕಳ ಮುಂದನೂ ಹಿಂಗ ಆಡತೀರಿ?”

“ಬಿಡ ತಂಗಿ” ಎಂದರು ಕಾಕಾ, ತಿರುಗದೆ. “ಮೂರನೇದ್ದ ಬಡೀಲಿ, ಹೋಗೂಣು.”

ಅವರು ಚೇಷ್ಟೆಗೆ ಹೇಳಲಿಲ್ಲ. ನಿಜವಾಗಿ ಕಾದರು. ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರ ಕೈಯೂ ಮೇಲೇಳಲಿಲ್ಲ. ಜಾಲಿಯ ಮೇಲಿನ ಬಟ್ಟೆಯ ಚೂರುಗಳನ್ನು ಬಿಟ್ಟರೆ ಯಾವುದೂ ಅಲುಗಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಸರಿದು ಹೋದರು. ಮರುದಿನದಿಂದ ಆ ಬಳಗ ಸೇತುವೆಯ ಆಚೆಗೆ ಜಾಗ ಬದಲಿಸಿತು. ಆ ಹೊರಳಿಗೆ ಬರುವವರು ಕಡಿಮೆಯಾದರು. ಬಂದವರೂ ಅಲ್ಲಿ ಮಾತು ನಿಲ್ಲಿಸಿ ದಾಟುತ್ತಿದ್ದರು.

ಮುಂದಿನ ಮಳೆಗಾಲದಲ್ಲಿ ಕಾಕಾಗೆ ಉಸಿರಾಟದ ತೊಂದರೆ ಶುರುವಾಗಿ ಘಟಪ್ರಭಾದ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಪಕ್ಕದ ಹಾಸಿಗೆಯವರು ನೀರು ಕೇಳಿದರೆ ಇವರು ಮೊದಲ ಮಾತಿಗೇ ಏಳಲು ಹೋಗಿ ನರ್ಸಿನಿಂದ ಬೈಸಿಕೊಳ್ಳುತ್ತಿದ್ದರು. “ಮಲಕೋರಿ ಅಜ್ಜಾರ, ನಿಮ್ಮನ್ನ ಕರದಿಲ್ಲ” ಎಂದಳು ಅವಳು.

“ಯಾರನ್ನ ಕರದ್ರ ಏನವಾ” ಎಂದರು ಅವರು.

ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಕೊನೆಯದು ಎಂದು ನಾನು ಆಮೇಲೆ ತೀರ್ಮಾನಿಸಿಕೊಂಡದ್ದೂ ಇರಬಹುದು. ಅದಾದ ಮೇಲೂ ಏನೋ ಹೇಳಿರಬೇಕು, ಬಸ್ಸಿನ ವೇಳೆಯನ್ನೋ ಮಳೆಯನ್ನೋ.

ತೀರಿಕೊಂಡ ಅವರನ್ನು ಮಣ್ಣಿಗೆ ಒಯ್ಯುವಾಗ ಹಣೆ ತುಂಬ ವಿಭೂತಿ ಹಚ್ಚಿ ಕೂಡಿಸಿದ್ದರು. ಕತ್ತು ನೆಟ್ಟಗೆ ನಿಲ್ಲಲಿ ಎಂದು ಹಿಂದೆ ಬಟ್ಟೆ ಕಟ್ಟಿದ್ದರು. ಬಸ್ ನಿಲ್ದಾಣದಿಂದ ಹಳೆಯ ಡ್ರೈವರುಗಳು ಬಂದಿದ್ದರು. ಚಪ್ಪಾಳೆ ಬಳಗದ ಕಿರಾಣಿ ಅಂಗಡಿಯವರು ದೂರದಲ್ಲಿ ನಿಂತು ಹೋದರು.

ದುಃಖದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆಂಟರು, ನೆರೆಯವರು ರೊಟ್ಟಿ ಬುತ್ತಿ ತರುತ್ತಾರೆ. ಹಾಗೆ ತಂದವರ ನಡುವೆ ಒಂದು ಮಧ್ಯಾಹ್ನ ಅವಳು ಬಂದಳು, ಮಸಗುಪ್ಪಿಯ ಹೆಣ್ಣುಮಗಳು. ಬುತ್ತಿಯ ಗಂಟನ್ನು ಕಾಕುವಿನ ಮುಂದೆ ಇಟ್ಟು, ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಹೊರಗಿನ ಕಟ್ಟೆಗೆ ಬಂದು ನನ್ನ ಪಕ್ಕ ಕುಳಿತಳು.

“ಅವತ್ತ ನಾ ನಿಮ್ಮನ್ನ ಎಬ್ಬಿಸಿ ಕಳಿಸಿದ್ನಿ” ಎಂದಳು. “ಆಮ್ಯಾಗ ದವಾಖಾನಿಗೆ ಹೋದಾಗ ಪೋಸ್ಟ್‌ಮಾರ್ಟಮ್ ಮಾಡಿದ ಡಾಕ್ಟರ್ ಹೇಳಿದ್ರು. ನಮ್ಮವರ ಜೀವ ಹಿಂದಿನ ದಿನಾ ಸಂಜೀಕೇ ಹೋಗಿತ್ತಂತ್ರಿ. ಮುಂಜಾನಿ ಚಪ್ಪಾಳಿ ಬಡ್ಯಾಕ ಅವರ ಇರಲೇ ಇಲ್ಲ.”

ಬಿಸಿಲಿನಲ್ಲಿ ಕುಳಿತಿದ್ದರೂ ನನ್ನ ಮೊಣಕೈಯವರೆಗೆ ಚಳಿ ಏರಿತು.

“ಅದನ್ನ ಹೇಳಾಕ ಹೊಳೀ ದಂಡಿಗೆ ಬಂದಿದ್ನಿ. ಅವತ್ತ ನೀವ ಇರಲಿಲ್ಲ, ಸಾಹೇಬ್ರ ಒಬ್ಬರ ನಿಂತಿದ್ರು. ಸಾಹೇಬ್ರ, ನಿಮ್ಮ ಮ್ಯಾಲ ಏನೂ ಪಾಪ ಇಲ್ರಿ ಅಂದ್ನಿ. ಅವರ ಏನಂದ್ರ ಗೊತ್ತೇನ್ರಿ? ಡಾಕ್ಟರಗ ಏನ ಗೊತ್ತವಾ, ಕೇಳಿದಾಂವ ನಾನು, ಅಂದ್ರು.”

“ಯಾಕ ಹಂಗ ಅಂದ್ರು?”

“ನಾ ಅಳತಿದ್ನಿ ಬಾಯಾರ. ಗಂಟಲಾ ಹೋದ ಮ್ಯಾಗ ಅವರ ಚಪ್ಪಾಳಿ ಮನ್ಯಾಗಿನವರಿಗೆ ಬಿಟ್ರ ಯಾರಿಗೂ ತಿಳೀತಿರಲಿಲ್ಲ. ಸಾಯೂ ಹೊತ್ತಿನ್ಯಾಗ ಒಬ್ಬರ ಬಡದ ಬಡದ, ಯಾರಿಗೂ ಕೇಳದಂಗ ಹ್ವಾದ್ರೋ ಏನೋ ಅಂತ ಅವರ ಮುಂದ ಅತ್ನಿ. ಅದಕ್ಕ ಅಂದ್ರು. ಅದನ್ನ ಹಿಡಕೊಂಡ ನಾ ಇಷ್ಟ ದಿನ ಇದ್ನಿ, ಒಬ್ಬರಿಗರ ಕೇಳಿತಲ್ಲ ಅಂತ. ಈಗ ಅವರೂ ಹ್ವಾದ್ರು.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವ ಬಾಜೂಕ ಇದ್ರಿ. ಖರೆ ಹೇಳ್ರಿ. ಅವತ್ತ ಅಲ್ಲಿ ಏನರ ಕೇಳಿತ್ತೇನ್ರಿ?”

ಪಾಠ ಮಾಡುವವಳಿಗೆ ಹೇಳಲು ಬಹಳ ಇತ್ತು. ಮಂಜಿನಲ್ಲಿ ಸಪ್ಪಳ ಎಲ್ಲಿಂದಲೋ ಎಲ್ಲಿಗೋ ಹೋಗುತ್ತದೆ. ಬಳಗದವರಲ್ಲೊಬ್ಬರು ಬೇಗ ಬಂದು ಅಂಗೈ ತಟ್ಟಿರಬಹುದು. ಯಾರೋ ನಿಜವಾಗಿಯೇ ಅರಿವೆ ಒಗೆದಿರಬಹುದು. ನಾನೇ ಏನನ್ನೂ ಕೇಳಿರದೆ ಇರಬಹುದು. ಇವೆಲ್ಲ ನನ್ನ ಬಾಯಿಯವರೆಗೆ ಬಂದವು.

“ಚಪ್ಪಾಳೀನ ಕೇಳಿತ್ರಿ” ಎಂದೆ. “ನಾನೂ ಕೇಳೇನಿ.”

ಅವಳು ತಲೆಯಾಡಿಸಿದಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಕಾಕಾ ನನಗಾಗಿ ಹೊತ್ತುಕೊಂಡದ್ದರಲ್ಲಿ ಒಂದು ತುಣುಕನ್ನಾದರೂ ಇಳಿಸಿಕೊಂಡೆ ಎಂದು ಆಗ ಅಂದುಕೊಂಡೆ. ಅಷ್ಟು ಸುಲಭಕ್ಕೆ ತೀರುವ ಋಣ ಅದಲ್ಲ. ಆ ಮಾತು ಆಡುವವರೆಗೆ ನನ್ನ ನೆನಪಿನಲ್ಲಿ ಇದ್ದದ್ದು ಕಲ್ಲಿನ ಮೇಲೆ ಒದ್ದೆ ಬಟ್ಟೆ ಬಿದ್ದ ಸಪ್ಪಳ. ಈಗ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಅದರ ಜಾಗದಲ್ಲಿ ಚಪ್ಪಾಳೆಯಿದೆ, ನಿಚ್ಚಳವಾಗಿ. ಈಚೆಗೆ ಕೈಗಳೂ ಕಾಣುತ್ತಿವೆ. ಮಂಜಿನ ತಳದಲ್ಲಿ, ನೀರಿನಿಂದ ಮೊಣಕೈಯವರೆಗೆ ಮೇಲೆದ್ದ ಎರಡು ಕೈಗಳು, ಅಂಗೈಗೆ ಅಂಗೈ ಎದುರಾಗಿ, ಇನ್ನೂ ಕೂಡಿರದ ಹಾಗೆ.

ನಾನು ಅವತ್ತು ಕೈಗಳನ್ನು ನೋಡಿರಲಿಲ್ಲ. ಇವತ್ತಿಗೆ ಅದೊಂದು ನನಗೆ ಖಚಿತ. ಇವತ್ತಿಗೆ.